ಅಬ್ಬಾನ ಆರನೇ ಅರ್ಜಿ

ಗುಂಡ್ಲುಪೇಟೆ ಕಚೇರಿ ಮುಂದೆ ಹದಿನೆಂಟು ವರ್ಷ ಅರ್ಜಿ ಬರೆದವನು ನಾನು. ಇಂಗ್ಲಿಷ್ ಅರ್ಜಿ ಜಿಯಾವುಲ್ಲಾ ಅಂದ್ರೆ ಬಂಡೀಪುರದ ತನಕ ಹೆಸರು. ಆದರೆ ನನಗೆ ಇಂಗ್ಲಿಷ್ ಬರಲ್ಲ. ಇದು ನನ್ನ ಹೆಂಡತಿ ಫಖ್ರುನ್ನೀಸಾಗೂ ಗೊತ್ತಿರಲಿಲ್ಲ.

ಅಕ್ಷರ ಬರುತ್ತೆ, ಅರ್ಥ ಬರಲ್ಲ. ಮಹಾರಾಜರ ಕಾಲದಲ್ಲಿ ನಮ್ಮ ಅಬ್ಬಾ ಬರೆದಿಟ್ಟ ಹನ್ನೊಂದು ಅರ್ಜಿಗಳ ಒಂದು ಪುಸ್ತಕ ಇತ್ತು. ಮೂರನೇದು ದೊಡ್ಡಿಗೆ ಹೊಡೆದ ದನಕ್ಕೆ, ಆರನೇದು ಮರದ ಕೇಸಿಗೆ. ಹೆಸರು, ಊರು, ತಾರೀಖು ಬದಲಾಯಿಸಿ ದುಂಡಗೆ ಇಳಿಸಿಬಿಡೋದು. ಯಾವನ್ರೀ ಕೇಳ್ತಿದ್ದ? ಹದಿನೆಂಟು ವರ್ಷ ಒಬ್ಬನೂ ಕೇಳಲಿಲ್ಲ.

ಐವತ್ತೈದನೇ ಇಸವೀಲಿ ಹಂಗಳದ ದೊಡ್ಡಮಾದಮ್ಮ ಬಂದಳು. ಅವರ ಹೊಲದ ಬದುವಿನಲ್ಲಿದ್ದ ಗಂಧದ ಮರ ಯಾರೋ ಕಳ್ಳರು ಕಡಿದುಕೊಂಡು ಹೋಗಿದ್ದರು. ಗಂಧದ ಮರ ಯಾರ ಹೊಲದಲ್ಲಿದ್ದರೂ ಸರ್ಕಾರದ್ದು; ಪೊಲೀಸರು ಹಿಡಿದು ಒಳಗೆ ಹಾಕಿದ್ದು ಮಾತ್ರ ಅವಳ ಗಂಡ ಮುದ್ದಯ್ಯನ್ನ. ಉಬ್ಬಸದ ಮನುಷ್ಯ, ಜೈಲು ಕಂಡರೆ ಜೀವಂತ ವಾಪಸು ಬರೋ ಆಸಾಮಿ ಅಲ್ಲ.

"ಇಂಗ್ಲಿಸ್‌ನಾಗೇ ಬರೀರಿ ಸಾಬ್ರೆ. ಕನ್ನಡದಾಗ್ ಬರುದ್ರೆ ಯಾರ್ ಮೂಸ್ತಾರೆ?" ಅಂದಳು.

ಆರನೇದು ಇಳಿಸಿದೆ. ಅವಳ ಹೆಬ್ಬೆಟ್ಟು ಒತ್ತಿಸಿದೆ. ಕೆಳಗೆ, ಕನ್ನಡದಲ್ಲಿ ಓದಿ ಹೇಳಿದ್ದೇನೆ, ಅರ್ಜಿದಾರಳು ಒಪ್ಪಿದ್ದಾಳೆ ಅಂತ ಇಂಗ್ಲಿಷಿನ ಒಂದು ಸಾಲು, ಅದರಡಿ ನನ್ನ ರುಜು. ಆ ಒಂದು ಸಾಲಿನ ಅರ್ಥ ಮಾತ್ರ ಅಬ್ಬಾ ಹೇಳಿಕೊಟ್ಟಿದ್ದರು. ಜೊತೇಲಿ ಬನ್ನಿ ಅಂತ ಅವಳು ಗೋಗರೆದಳು, ಇಬ್ಬರೂ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದೆವು.

ಮರದ ಕೇಸು ತೀರ್ಮಾನ ಮಾಡೋಕೆ ಅಲ್ಲಿಗೆ ಹೊಸದಾಗಿ ಬಂದಿದ್ದ ಸಾಹೇಬರು ಕನ್ನಡಕದ ಹುಡುಗು ಮುಖದವರು. ಮೇಜಿನ ಮೇಲೆ ಫೈಲಿಗಿಂತ ಇಂಗ್ಲಿಷ್ ಪುಸ್ತಕವೇ ಜಾಸ್ತಿ. ಅವಳನ್ನ ಹೊರಗೆ ನಿಲ್ಲಿಸಿ ನನ್ನೊಬ್ಬನನ್ನ ಒಳಗೆ ಕರೆದರು. ಕರೆದು, ಯಾ ಅಲ್ಲಾ, ಕುರ್ಚಿ ಕೊಟ್ಟರು! ಅರ್ಜಿ ಬರೆಯೋನಿಗೆ ಯಾವ ಸಾಹೇಬ ಕುರ್ಚಿ ಕೊಡ್ತಾನೆ?

"ಇದು ಐವತ್ತು ವರ್ಷದ ಹಿಂದಿನ ಇಂಗ್ಲಿಷ್. ಹೀಗೆ ಬರೆಯೋರು ಈಗ ಎಲ್ಲಿದ್ದಾರೆ?" ಅಂದರು. "ಮಾತಿನ ಅರ್ಥ ಹೇಗೆ ಬದಲಾಗುತ್ತೆ ನೋಡಿ. ನೈಸ್ ಅಂದ್ರೆ ಒಂದು ಕಾಲಕ್ಕೆ ದಡ್ಡ ಅಂತ ಅರ್ಥ. ಗೊತ್ತಲ್ಲ?"

"ಗೊತ್ತು ಸ್ವಾಮಿ," ಅಂದೆ. ನಾಲಿಗೆಗೆ ಹುಳ ಬೀಳ!

"ಸಿಲ್ಲಿ?"

ನಾನು ಸುಮ್ಮನೆ ಹಲ್ಲು ಕಿರಿದೆ.

"ಪುಣ್ಯವಂತ! ಈಗ ಪೆದ್ದ ಆಗಿದ್ದಾನೆ. ವಿಲನ್ ಅಂದ್ರೆ ಹೊಲ ಗೇಯೋ ಬಡ ರೈತ. ದೊಡ್ಡೋರು ಬಡವನ ಹೆಸರನ್ನೇ ಬೈಗುಳ ಮಾಡಿಬಿಟ್ಟರು."

"ಹೌದೌದು, ದೊಡ್ಡೋರೇ ಹಂಗೆ," ಅಂದೆ. ಯಾವಾಗ ಎದ್ದು ಓಡಲಿ ಅನ್ನೋದೊಂದೇ ತಲೇಲಿ.

ಅರ್ಧ ಗಂಟೆ ಹೀಗೇ ಆಯ್ತು. ಆಮೇಲೆ ಅವರ ಬೆರಳು ಅರ್ಜಿಯ ನಡುವೆ ನಿಂತಿತು.

"ಎಲ್ಲಾ ಸರಿ. ಆದರೆ ಈ ಹೆಂಗಸು ಗಂಡನ ಮೇಲೇ ಹೀಗೆ ಹೇಳ್ತಾಳಲ್ಲ?" ಅಂದು ಕನ್ನಡದಲ್ಲಿ ಓದಿದರು. "ಮರ ಕಡಿದವನು ನನ್ನ ಗಂಡನೇ. ನಾನು ಕಣ್ಣಾರೆ ಕಂಡೆ. ಹೊಟ್ಟೆಪಾಡಿಗೆ ಮಾಡಿದ ತಪ್ಪು, ದಯೆ ತೋರಬೇಕು."

ಅಬ್ಬಾ ಅದನ್ನ ಯಾವ ನಿಜವಾದ ಕಳ್ಳನ ಹೆಂಡತಿಗೆ ಬರೆದುಕೊಟ್ಟಿದ್ದರೋ! ಹದಿನೆಂಟು ವರ್ಷದಲ್ಲಿ ಆರನೇದನ್ನ ಎಷ್ಟು ಜನಕ್ಕೆ ಇಳಿಸಿಕೊಟ್ಟಿದ್ದೆ? ಅವರೆಲ್ಲ ಏನಾದರು? ಈಗ ಬಾಯಿ ಬಿಟ್ಟರೆ ನನ್ನ ಅನ್ನ ಹೋಗುತ್ತೆ, ಸುಳ್ಳು ರುಜುವಿಗೆ ನಾನೇ ಒಳಗೆ. ಬಿಡದಿದ್ದರೆ ಮುದ್ದಯ್ಯನ ಜೀವ. ನಾನು ಹೆದರಿದೆ ಕಣ್ರೀ. ಹೆದರಿ ಕೂತೆ.

ನಾನು ಕೂತಿದ್ದು ನೋಡಿ ಸಾಹೇಬರು ಅವಳನ್ನೇ ಕರೆಸಿದರು. "ಇದನ್ನ ನಿನಗೆ ಓದಿ ಹೇಳಿದ್ರೇನಮ್ಮ? ಇದರಲ್ಲಿರೋದು ನಿಜಾನಾ?"

"ಓದಿ ಏಳವ್ರೆ ಬುದ್ಧಿ. ಕೇಳಿ ಒಪ್ಪೀವ್ನಿ. ಎಲ್ಲಾ ದಿಟ," ಅಂದಳು ದೊಡ್ಡಮಾದಮ್ಮ, ಒಂದೇ ಉಸಿರಿಗೆ. ಹೆಬ್ಬೆಟ್ಟು ಒತ್ತಿಸುವಾಗ ನಾವು ಎಲ್ಲರಿಗೂ ಬಾಯಿಪಾಠ ಮಾಡಿಸೋ ಮಾತು ಅದು.

"ಸುಳ್ಳು ಸ್ವಾಮಿ!" ಅಂತ ಎದ್ದು ಕಿರುಚಿದೆ. "ನಾನೇನೂ ಓದಿ ಹೇಳಲಿಲ್ಲ! ನಂಗೆ ಇಂಗ್ಲಿಷೇ ಬರಲ್ಲ!"

ಸಾಹೇಬರು ನಕ್ಕರು. "ಇಷ್ಟು ಹೊತ್ತು ನನ್ನ ಜೊತೆ ಏನು ಮಾತಾಡಿದ್ರಿ ಜಿಯಾವುಲ್ಲಾ? ಕನಿಕರ ಇರಲಿ, ಅದಕ್ಕೆ ಸುಳ್ಳು ಹೇಳಬೇಡಿ."

ಇನ್ನೂ ಹೇಳೋಕೆ ಹೋದೆ. "ಇದರಲ್ಲಿ ಬರೆದಿರೋದು..." ಅಂತ ಅವಳ ಕಡೆ ತಿರುಗಿದೆ.

ದೊಡ್ಡಮಾದಮ್ಮ ನನ್ನ ಕಡೆ ಕಣ್ಣು ಬಿಟ್ಟಳು. "ಯಾಕ್ ಸಾಬ್ರೆ ಕೆಲ್ಸ ಕೆಡಿಸೀರಿ? ಸುಮ್ಕಿರಿ," ಅಂದು, ಸಾಹೇಬರಿಗೆ ಕೈ ಮುಗಿದಳು. "ಅವರ್ ಮಾತ ಕೇಳ್ಬ್ಯಾಡಿ ಬುದ್ಧಿ. ಬರ್ದಿರೋದೇ ದಿಟ. ಬೇಕಾದ್ರೆ ಇನ್ನೊಂದ್ ಕಿತ ಹೆಬ್ಬೆಟ್ ಒತ್ತೀನಿ."

ಸಾಹೇಬರು ಮಸಿ ಪ್ಯಾಡನ್ನ ಅವಳ ಕಡೆ ಸರಿಸಿದರು.