ಸಾಲಿನಲ್ಲಿ ಮೊದಲನೆಯದು

ಅಯ್ಯೋ ಮತ್ತೆ ಅದೇ ‘ಸ’, ಕಿವಿಗೆ ಸೂಜಿ ಹಾಕಿದ ಹಾಗೆ, ರೆಕಾರ್ಡಿಂಗಿನಲ್ಲಿ ಅಕ್ಕ ‘ಸಂಜೆ’ ಎಂದು ಹಾಡಿದ ಕಡೆಯಲ್ಲೆಲ್ಲ ಸ್ಸ್ ಎಂದು ಚುಚ್ಚುತ್ತದೆ, ಕಂಪ್ಯೂಟರಿನಲ್ಲಿ ಆ ಸೀಟಿ ತಗ್ಗಿಸುವ ಪ್ಲಗಿನ್ ಹಾಕಿದ್ದರೂ ಚುಚ್ಚುತ್ತದೆ, ಚುಚ್ಚದೆ ಏನು ಮಾಡೀತು, ದನಿ ಮೇಲಿನಿಂದ ಕೆಳಗೆ ಹರಿಯುವ ಸಾಲಿನಲ್ಲಿ ಅದನ್ನು ತಾನೇ ಕಂಪ್ರೆಸರಿಗಿಂತ ಮೇಲೆ ಕೂರಿಸಿದ್ದಾಳಲ್ಲ, ಅದು ಪಾಪ ‘ಸ’ವನ್ನು ತಗ್ಗಿಸಿ ಕಳಿಸುತ್ತದೆ, ಕೆಳಗಿರುವ ಕಂಪ್ರೆಸರ್ ಪಿಸುಮಾತನ್ನೂ ಕೂಗನ್ನೂ ಒಂದೇ ಮಟ್ಟಕ್ಕೆ ತರಲು ಹೊರಟು ತಗ್ಗಿದ್ದನ್ನೆಲ್ಲ ಮತ್ತೆ ಎತ್ತಿ ನಿಲ್ಲಿಸುತ್ತದೆ, ಒಬ್ಬರು ಗುಡಿಸಿದ ಕಡೆ ಇನ್ನೊಬ್ಬರು ಕಸ ಸುರಿದ ಹಾಗೆ — ಅವಳು ಸೀಟಿಯ ಪ್ಲಗಿನ್ನನ್ನು ಮೌಸಿನಲ್ಲಿ ಹಿಡಿದು ಕೆಳಗೆ ಎಳೆದಳು, ಕಂಪ್ರೆಸರ್ ಆದಮೇಲೆ ಸೀಟಿ, ಅದಾದಮೇಲೆ ಕೊನೆಗೆ ಮಾರ್ದನಿ, ಹೆಸರಿನ ಪಕ್ಕದಲ್ಲಿ ಒಂದೊಂದಕ್ಕೂ ಒಂದೊಂದು ಹಸಿರು ದೀಪ, ಸಾಲಿನ ಮೇಲುಗಡೆ ಪರದೆಯ ಅಂಚಿಗೆ ತಾಗಿಕೊಂಡು ಗದ್ದಲ ಕತ್ತರಿಸುವ ಗೇಟ್. ಮೊದ್ಲು ಮುಖ ತೊಳಿಯಮ್ಮ, ಆಮೇಲೆ ಪೌಡರ್, ಕೆಲಸ ಕಲಿಸಿದ ಹಿರಿಯ ಎಂಜಿನಿಯರ್ ಹೇಳುತ್ತಿದ್ದದ್ದು, ಅವರ ಕಿವಿಯಲ್ಲಿ ಕೂದಲು ಪೊದೆಯ ಹಾಗೆ ಬೆಳೆದಿತ್ತು, ಆದರೂ ಎಲ್ಲ ಕೇಳಿಸುತ್ತಿತ್ತು — ಹಿಂದಿನ ಸೋಫಾದಲ್ಲಿ ಅಕ್ಕ ಬಿಸಿನೀರು ಹೀರುವ ಸದ್ದು, ಅದೊಂದು ಸದ್ದಿಗೆ ಯಾವ ಪ್ಲಗಿನ್ನೂ ಇಲ್ಲ, ಗಂಟಲಿನ ಗಂಟು ತೆಗೆಸಿಕೊಂಡ ಮೇಲೆ ಅಕ್ಕ ಎಲ್ಲಿ ಹೋದರೂ ಫ್ಲಾಸ್ಕ್. ಆಪರೇಷನ್ ಆದಮೇಲೆ ತುಟಿ ಪಿಟಕ್ಕೆನ್ನಬಾರದು ಅಂದಿದ್ದರು ಡಾಕ್ಟರು, ಚಪ್ಪಾಳೆ ತಟ್ಟಿ ಕರೆಯುತ್ತಿದ್ದಳು, ಕೈಸನ್ನೆಯಲ್ಲೇ ಭಾವನ ಹತ್ತಿರ ಜಗಳ ಆಡುತ್ತಿದ್ದಳು, ಮನೆ ಎಷ್ಟ್ ನೆಮ್ಮದಿಯಾಗಿದೆ ನೋಡು ಅಂದ ಭಾವನ ತಲೆಗೆ ದಿಂಬು ಬಂದು ಬಿತ್ತು, ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು, ಸದ್ದಿಲ್ಲದೆ.

ಪುಟ್ಟೀ. ಏನಕ್ಕಾ. ಅದನ್ನೆಲ್ಲಾ ತೆಗ್ದು ಒಂದ್ಸಲ ಕೇಳ್ಸೇ, ಬರೀ ಗಂಟಲು ಕೇಳ್ಬೇಕು ನಂಗೆ, ಬ್ಯಾಂಡಿನ ಮ್ಯಾನೇಜರಿಗೆ ಇವತ್ತು ಹೂಂ ಅನ್ಬೇಕು ಇಲ್ಲಾ ಊಹೂಂ ಅನ್ಬೇಕು — ಬ್ಯಾಂಡು ಮತ್ತೆ ಅಕ್ಕನನ್ನೇ ಕೇಳುತ್ತಿದೆ, ಅದೇ ದೊಡ್ಡ ವೇದಿಕೆಗೆ, ಹೋದ ಸಲ, ಆಪರೇಷನ್ನಿಗೆ ಮೊದಲು, ಇದೇ ಹಾಡಿನ ಏರುಸ್ವರದಲ್ಲಿ ದನಿ ಒಡೆದು, ಜನ ಶಿಳ್ಳೆ ಹಾಕಿ, ಅಕ್ಕ ಮೈಕನ್ನು ನೆಲದ ಮೇಲಿಟ್ಟು ಇಳಿದುಬಂದ ವೇದಿಕೆ, ಮೈಕನ್ನು ಮಗು ಮಲಗಿಸಿದಷ್ಟು ಮೆಲ್ಲಗೆ ಇಟ್ಟಿದ್ದಳು. ಇನ್ನೊಂದ್ ಸಲ ಹಾಗಾದ್ರೆ ನಾನು ಉಳಿಯಲ್ಲ ಕಣೇ, ಹಾಡು ಬಿಟ್ಬಿಡ್ತೀನಿ, ಅದಕ್ಕೇ ನೀನ್ ನನ್ನ ಪುಸಲಾಯಿಸ್ಬೇಡ, ಇದ್ದದ್ದು ಇದ್ದ ಹಾಗೆ. ಆಯ್ತಕ್ಕಾ, ಕೇಳ್ಸ್ತೀನಿ. ಕೆಳಗಿನಿಂದ ಶುರು, ಹಾಕಿಕೊಂಡದ್ದನ್ನು ಕಳಚುವಾಗ ಕೊನೆಯದೇ ಮೊದಲು — ಮಾರ್ದನಿ ಹೋಯಿತು, ದೀಪ ಬೂದಿ ಬಣ್ಣವಾಯಿತು, ದೊಡ್ಡ ಸಭಾಂಗಣದಲ್ಲಿದ್ದ ಅಕ್ಕ ಪಕ್ಕದಲ್ಲೇ ಬಂದು ನಿಂತಳು, ಸೀಟಿ ತಗ್ಗಿಸುವುದು ಹೋಯಿತು, ಕಂಪ್ರೆಸರ್ ಹೋಗಿ ಪಿಸುಮಾತು ಪಿಸುಮಾತೇ ಆಯಿತು, ದನಿಗೆ ಮೆರುಗು ಕೊಟ್ಟಿದ್ದ ಈಕ್ಯೂ ಹೋಯಿತು, ಗೇಟ್ ಹೋಯಿತು, ಉಸಿರಿನ ಗೊರಗೊರ ಬಂತು, ಬೂದಿ ಬೂದಿ ಬೂದಿ, ಪರದೆಯ ಅಂಚಿನವರೆಗೂ ಬೂದಿ. ಅಷ್ಟೇನಾ? ಅಷ್ಟೇ ಅಕ್ಕಾ, ಇನ್ನೇನೂ ಇಲ್ಲ. ಬತ್ತಲೆ ದನಿ ಏರುತ್ತಾ ಏರುತ್ತಾ, ಬಾ ಎಂಬ ಆ ಕೊನೆಯ ಪದ, ರೆಕಾರ್ಡಿಂಗ್ ದಿನ ಪ್ರತಿಸಲವೂ ಕೂದಲೆಳೆಯಷ್ಟು ಕೆಳಗೇ ಉಳಿದದ್ದು — ಸರಿಯಾಗಿ ಮುಟ್ಟಿತಲ್ಲ! ಮುಟ್ಟಿ ನಿಂತಿತು! ಹಾಗಾದರೆ ಅವತ್ತು ತನ್ನ ಕಿವಿಯೇ ಕೆಟ್ಟಿತ್ತು, ಸದ್ಯ, ಕೆಟ್ಟದ್ದೇ ಒಳ್ಳೆಯದಾಯಿತು, ಹಿಂದೆ ಅಕ್ಕ ಬಂತಲ್ಲೇ, ನನ್ ದನಿ ಬಂತಲ್ಲೇ ಎನ್ನುತ್ತಾ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾಳೆ, ಆಗಲೇ ಫೋನು ಹಚ್ಚಿದ್ದಾಳೆ.

ಖುಷಿಗೆ ಕೈ ಸುಮ್ಮನಿರದೆ ಮೌಸಿನ ಗಾಲಿ ತಿರುಗಿಸಿದಳು, ಸಾಲು ಕೆಳಗೆ ಸರಿಯಿತು, ಗೇಟಿನ ಮೇಲೆ, ಪರದೆಯ ಆಚೆ ಅಡಗಿದ್ದ ಇನ್ನೊಂದು ಹೆಸರು, ಪಕ್ಕದ ದೀಪ ಇನ್ನೂ ಹಸಿರು. ಶ್ರುತಿ ತಿದ್ದುವ ಪ್ಲಗಿನ್. ತಾನೇ ಹಾಕಿದ್ದು, ರೆಕಾರ್ಡಿಂಗ್ ಮುಗಿಸಿ ಅಕ್ಕ ಮನೆಗೆ ಹೋದಮೇಲೆ, ಒಂಚೂರೇ ಚೂರು, ಎಲ್ಲಕ್ಕಿಂತ ಮೊದಲು ಹಾಕಿದ್ದು, ಕಚ್ಚಾ ದನಿ ಸಿಕ್ಕರೇ ಅದು ಸ್ವರ ಗುರುತು ಹಿಡಿಯುವುದು ಅಂತ, ಆಮೇಲೆ ಸಾಲು ಉದ್ದವಾಗಿ ಅದು ಮೇಲೆ ಹೋಗಿ ಮರೆಯಾಗಿ — ಹೆಡ್‌ಫೋನ್ ಕಿವಿಗೆ ಒತ್ತಿ ಅದನ್ನು ಆರಿಸಿದಳು, ಬಾ ಕೆಳಗೆ ಜಾರಿತು, ಹೊತ್ತಿಸಿದಳು, ಏರಿತು, ಆರಿಸಿದಳು, ಜಾರಿತು. ಹೂಂ ಸಾರ್, ಖಂಡಿತ ಹಾಡ್ತೀನಿ, ಅದೇ ಹಾಡೇ ಇರ್ಲಿ, ಶ್ರುತಿನಾ, ಬೇಡ ಬೇಡ ಇಳಿಸ್ಬೇಡಿ ಸಾರ್, ಹಿಂದೆ ಎಷ್ಟಿತ್ತೋ ಅಷ್ಟೇ ಇರ್ಲಿ. ಅಕ್ಕಾ, ಒಂದ್ನಿಮಿಷ, ಅಕ್ಕಾ. ಅಕ್ಕ ತುಟಿಯ ಮೇಲೆ ಬೆರಳಿಟ್ಟು ಸುಮ್ನಿರೇ ಎಂದು ಕಣ್ಣಲ್ಲೇ ಗದರಿದಳು, ನಗುತ್ತಿದ್ದಾಳೆ, ಸದ್ದು ಮಾಡಿಕೊಂಡು ನಗುತ್ತಿದ್ದಾಳೆ, ಅನುಮಾನಾನಾ, ಏನೂ ಇಲ್ಲ ಸಾರ್, ಈಗಷ್ಟೇ ಕೇಳ್ದೆ, ನನ್ ತಂಗಿ ಎಲ್ಲಾ ತೆಗ್ದು ಕೇಳ್ಸಿದ್ಲು, ಅವಳು ನಂಗೆ ಸುಳ್ಳು ಹೇಳಲ್ಲ. ಹೇಳಬೇಕು, ಫೋನಿಟ್ಟ ತಕ್ಷಣ ಹೇಳಬೇಕು, ಯಾವ ಬಾಯಲ್ಲಿ, ಅಕ್ಕನ ಕೈ ಹಿಂದಿನಿಂದ ಬಂದು ಕೊರಳು ತಬ್ಬಿತು, ಒದ್ದೆ ಕೆನ್ನೆ ಕಿವಿಗೆ ತಾಗಿತು, ಇನ್ನೊಂದ್ಸಲ ಹಾಕೇ, ಇನ್ನೊಂದೇ ಸಲ, ಹಾಗೇ, ಏನೂ ಇಲ್ದೆ — ಶ್ರುತಿ ತಿದ್ದುವುದರ ಬೂದಿ ಬಣ್ಣದ ದೀಪದ ಮೇಲೆ ಪುಟ್ಟಿಯ ಮೌಸಿನ ಬಾಣ, ಒತ್ತಿದಳು, ಹಸಿರು.