ಉಪ್ಪಿನ ದೂರು

ಗಂಗಾವತಿಯ ಹಿರೇಜಂತಕಲ್ ಓಣಿಗಳಲ್ಲಿ ಮೈಮುನಬಿ ಬಳೆ ತೊಡಿಸದ ಕೈ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಎದೆ ಸೀಳಿ ಅವಳ ಕೆಟ್ಟ ಹೃದಯದ ಕವಾಟ ತೆಗೆದು, ಪ್ರಾಣಿಯ ಅಂಗಾಂಶದಿಂದ ಮಾಡಿದ ಬೇರೆ ಕವಾಟ ಕೂರಿಸಿದ್ದರು. ಆಗಿನ ನೋವನ್ನು ಅವಳು ಮರೆತಿರಲಿಲ್ಲ. ತಿಂಗಳುಗಟ್ಟಲೆ, ಒಂದು ಕೆಮ್ಮು ಬಂದರೂ ಎದೆ ಬಿರಿದಂತಾಗಿ ದಿಂಬು ತಬ್ಬಿಕೊಂಡು ಅಳುತ್ತಿದ್ದಳು.

ಈ ಬೇಸಿಗೆಯಲ್ಲಿ ಕಾಲು ಬಾತವು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕವಾಟ ಕೆಟ್ಟಿದೆ ಎಂದರೆ ಮತ್ತೆ ಎದೆ ಕೊಯ್ಯುತ್ತಾರೆ. ಬೇರೆ ಏನಾದರೂ ಕಾರಣವಿರಲಿ ಎಂದು ಅವಳ ಮನಸ್ಸು ಹುಡುಕಿತು. ಸಿಕ್ಕವಳು ಸೊಸೆ ಖುಷ್ಬು.

"ಸಾರಿಗೆ ಬೇಕಂತ ಉಪ್ಪು ಸುರೀತಾಳವ್ವ. ಕಾಲು ಬಾತಿದ್ದು ನೋಡಿಲ್ಲಿ," ಎಂದು ಬಳೆ ತೊಡಿಸುತ್ತ ಮನೆಮನೆಯಲ್ಲೂ ಹೇಳಿದಳು. ಕೈ ಒಪ್ಪಿಸಿ ಕೂತ ಹೆಂಗಸರು ಕೇಳದೆ ಏನು ಮಾಡಿಯಾರು?

ಒಂದು ಮುಂಜಾನೆ ಮೈಮುನಬಿ ಹೊಸ್ತಿಲ ಬಳಿಯೇ ಕುಸಿದಳು. ಮಗ ಅಕ್ಬರ ಹುಬ್ಬಳ್ಳಿಗೆ ಕರೆದೊಯ್ದ. ಖುಷ್ಬು ಜೊತೆಗೆ ಹೋದಳು.

ಡಾಕ್ಟರ್ ಸ್ಕ್ಯಾನ್ ನೋಡಿ, "ಹಳೆ ಕವಾಟ ಸವದೈತಮ್ಮ," ಅಂದರು.

"ಉಪ್ಪಿನಿಂದೇನ್ರಿ?"

"ಉಪ್ಪಿನಿಂದ ಕವಾಟ ಸವೆಯೂದಿಲ್ಲ. ಕಾಲಿಗೆ ಬಾವು ಬರೂದು ಉಪ್ಪಿನಿಂದ ಹೆಚ್ಚಾಕ್ಕೈತಿ, ಖರೆ. ಮನ್ಯಾಗ ಹೆಂಗ ಉಣ್ತೀರಿ?"

ಖುಷ್ಬು ತಲೆ ತಗ್ಗಿಸಿ, "ಅತ್ತಿಯವರಿಗೆ ಬ್ಯಾರೆ ಪಾತೇಲ್ಯಾಗ ಅಡಿಗಿ ಮಾಡ್ತೀನ್ರಿ. ಅದಕ್ಕ ಉಪ್ಪು ಹಾಕೂದಿಲ್ಲ," ಅಂದಳು.

"ಛಲೋ ಮಾಡೀರಿ."

ಮೈಮುನಬಿ ಗೋಡೆಯ ಕಡೆ ನೋಡಿದಳು.

ಈ ಸಲ ಎದೆ ಕೊಯ್ಯುವುದಿಲ್ಲ ಎಂದರು ಡಾಕ್ಟರ್. ಹಳೆಯ ಗಾಯದ ಹಿಂದೆ ಹೃದಯ ಎಲುಬಿಗೆ ಅಂಟಿರುತ್ತದೆ, ಮತ್ತೆ ಬಿಚ್ಚುವುದು ಅಪಾಯ. ತೊಡೆಯ ಸಂದಿನ ರಕ್ತನಾಳದಿಂದ ತೆಳ್ಳನೆಯ ನಳಿಕೆ ಏರಿಸಿ, ಮಡಚಿಟ್ಟ ಹೊಸ ಕವಾಟವನ್ನು ಹಳೆಯದರೊಳಗೇ ಅರಳಿಸಿ ಕೂರಿಸುತ್ತಾರೆ. ಹಾಗೆಯೇ ಮಾಡಿದರು. ಎಚ್ಚರವಾದಾಗ ಮೈಮುನಬಿ ಮೊದಲು ಎದೆ ಮುಟ್ಟಿಕೊಂಡಳು. ಹೊಸ ಪಟ್ಟಿ ಇರಲಿಲ್ಲ. ಉಸಿರು ಸಲೀಸಾಗಿ ಒಳಗೆ ಹೋಯಿತು.

ಆದರೆ ಕಾಲು ಮಡಚುವಂತಿರಲಿಲ್ಲ, ಏಳುವಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂತ್ರ ತಡೆಯಲಾಗಲಿಲ್ಲ.

"ಆಯಾನ್ನ ಕರಿ," ಅಂದಳು.

"ಆಕಿ ಬ್ಯಾರೆ ವಾರ್ಡಿಗೆ ಹೋಗ್ಯಾಳ. ನಾ ಅದೀನಲ್ರಿ."

ಖುಷ್ಬು ಪರದೆ ಎಳೆದು, ಬೆಡ್‌ಪ್ಯಾನ್ ಕೊಟ್ಟು, ಆಮೇಲೆ ಬೆಚ್ಚನೆಯ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದಳು. ಕಾಲು ಅಲುಗದಂತೆ ಮೊಣಕಾಲಿನ ಮೇಲೆ ಒಂದು ಕೈ ಇಟ್ಟುಕೊಂಡೇ ಇದ್ದಳು. ಮೈಮುನಬಿ ಹೊದಿಕೆಯಿಂದ ಮುಖ ಮುಚ್ಚಿಕೊಂಡಳು. ಮೈಯ ನಾಚಿಕೆ ಸ್ವಲ್ಪ ಹೊತ್ತಿಗೆ ಹೋಯಿತು, ಆಡಿದ ಮಾತಿನ ನಾಚಿಕೆ ಹೋಗಲಿಲ್ಲ.

"ಓಣ್ಯಾಗ ನಾ ಅಂದದ್ದು ನಿನ್ನ ಕಿವಿಗೆ ಬಿದ್ದೈತೇನ?"

"ಬಿದ್ದೈತ್ರಿ. ನಳದ ಮುಂದ ನಮ್ಮ ಓಣಿ ಹನುಮಂತಮ್ಮ ಎಲ್ಲಾರ ಎದುರು ನನಗ ಬುದ್ಧಿ ಹೇಳಿದಳು."

"ಮತ್ತ ನೀ ಯಾಕ ಸುಮ್ಮನಿದ್ದಿ?"

"ಅತ್ತಿ ಸುಳ್ಳು ಹೇಳ್ಯಾಳ ಅಂತ ಹೆಂಗ ಅನ್ಲಿ?"

"ತಪ್ಪಾತು ಖುಷ್ಬು."

ಖುಷ್ಬು ಬಟ್ಟೆ ಹಿಂಡಿದಳು. "ನನ್ನ ಒಬ್ಬಾಕಿ ಮುಂದ ಅಂದ್ರ ಏನ್ ಬಂತ್ರಿ? ಓಣಿ ತುಂಬ ಅಂದೀರಿ."

ಊರಿಗೆ ಮರಳಿ, ಡಾಕ್ಟರ್ ಓಡಾಡಲು ಹೇಳಿದ ಮೇಲೆ, ಮೈಮುನಬಿ ಮೊದಲು ಹೋದದ್ದು ಹನುಮಂತಮ್ಮನ ಮನೆಗೆ. ಎದೆ ಕೊಯ್ಯದೆ ಆಪರೇಷನ್ ಆಯಿತೆಂದು ಕೇಳಿ ಅಕ್ಕಪಕ್ಕದವರೂ ಸೇರಿದರು. ತೊಡೆಯಿಂದ ಹೃದಯದವರೆಗಿನ ದಾರಿಯನ್ನು ಮೈಮುನಬಿ ಬಣ್ಣಿಸಿದಳು. ಎಲ್ಲರೂ ಬಾಯಿ ತೆರೆದು ಕೇಳಿದರು. ಚಹಾ ಕುಡಿದು, ಹೇಳಬೇಕಾದ್ದನ್ನು ಹೇಳದೆ ಎದ್ದು ಬಂದಳು. ಓಣಿಯ ತಿರುವಿನಲ್ಲಿ ಕಾಲು ಮುಂದೆ ಬರಲಿಲ್ಲ. ತಿರುಗಿ ಹೋದಳು.

"ಹನುಮಂತಮ್ಮ, ಖುಷ್ಬು ಉಪ್ಪು ಹಾಕೇ ಇಲ್ಲ. ಮತ್ತ ಎದಿ ಕೊಯ್ತಾರಂತ ಅಂಜಿ ತಪ್ಪು ಆಕಿ ಮ್ಯಾಲೆ ಹಾಕಿದೆ. ಸುಳ್ಳು ಹೇಳೀನಿ."

ಹನುಮಂತಮ್ಮನ ಮುಖ ಇಳಿಯಿತು. "ನಾ ಆ ಹುಡುಗೀನ್ನ ನಳದ ಮುಂದ ಏನೇನು ಅಂದೆನಲ್ಲ," ಅಂದಳು.

ಅಲ್ಲಿಂದ ಹೋದ ಎರಡನೆಯ ಮನೆಯ ಶಿವಲಿಂಗಮ್ಮ ನಂಬಲಿಲ್ಲ. "ಸೊಸಿ ಹೇಳಿಕೊಟ್ಟು ಕಳಿಸ್ಯಾಳೇನ? ಪಾಪ, ವಯಸ್ಸಾದಾಕಿ," ಎಂದು ಮೈಮುನಬಿಯ ಬೆನ್ನು ಸವರಿದಳು. ಇಲ್ಲವೆಂದಷ್ಟೂ ಅವಳ ಕನಿಕರ ಹೆಚ್ಚಾಯಿತು.

ಮನೆಗೆ ಬಂದು ಮೈಮುನಬಿ ನಡೆದದ್ದನ್ನು ಸೊಸೆಗೆ ಹೇಳಿದಳು. ಶಿವಲಿಂಗಮ್ಮನ ಮಾತನ್ನೂ ಮುಚ್ಚಿಡಲಿಲ್ಲ. ಖುಷ್ಬು ಚಾಪೆ ಹಾಸಿದಳು.

"ಇವತ್ತು ದಣದೀರಿ, ಮಲಗ್ರಿ," ಅಂದಳು. "ನಾಳಿ ಶಿವಲಿಂಗಮ್ಮನ ಕಡೆ ಇಬ್ಬರೂ ಹೋಗೂಣು."

ಮೈಮುನಬಿಗೆ ತಲೆಯೆತ್ತಿ ಅವಳನ್ನು ನೋಡಲಾಗಲಿಲ್ಲ. ನೆಲ ನೋಡುತ್ತಲೇ ಹೂಂ ಅಂದಳು.