ಹುಂಡುಕೋಳಿ ಹಿಡಿದ ಮೂಲೆ

ಕೊಡ್ಲಿಪೇಟೆ ಕಡೆಯ ಆ ಬಯಲಿನಲ್ಲಿ ಎಲ್ಲರ ಗದ್ದೆಯೂ ಎಣ್ಣೆ ಹಚ್ಚಿ ಬಾಚಿದ ತಲೆಯಂತೆ ಚೊಕ್ಕಟ. ಆದರೂ ಜೌಗಿನ ಹಕ್ಕಿ ಹುಂಡುಕೋಳಿ ಬಂದು ಗೂಡು ಕಟ್ಟಿದ್ದು ಗುರುಸಿದ್ದಮ್ಮನ ಗದ್ದೆಯ ತಗ್ಗಿನ ಮೂಲೆಯಲ್ಲಿ. ಎರಡು ವರ್ಷದಿಂದ ಅಲ್ಲಿಗೆ ನೇಗಿಲು ಇಳಿದಿರಲಿಲ್ಲ. ಜೊಂಡು ಆಳೆತ್ತರ ಬೆಳೆದಿತ್ತು.

ಉಳುವವನೇ ಇರಲಿಲ್ಲವಲ್ಲ! ಗಂಡ ಗಂಗಣ್ಣ ಯಾವುದೋ ಬಿಳಿ ದೊರೆಯ ಎಸ್ಟೇಟಿನ ಕಾಫಿ ಹೇರಿಕೊಂಡು ಮಂಗಳೂರಿಗೆ ಗಾಡಿ ಹೊಡೆದವನು, ಅಲ್ಲೇ ಚಳಿಜ್ವರ ಬಂದು ತೀರಿಕೊಂಡ. ಮಣ್ಣು ಮಾಡಿದ್ದೂ ಅಲ್ಲೇ. ಅದಕ್ಕೂ ಹಿಂದಿನ ಸಲ ಮಂಗಳೂರಿಂದ ಮನೆಗೆ ಬಂದಾಗ, "ಸಮುದ್ರದ ಪಕ್ಕದ ಜೌಗಲ್ಲೂ ನಮ್ಮ ಹುಂಡುಕೋಳೀನೇ ಕೂಗ್ತದೆ ಕಣೆ. ಕೇಳಿದ್ರೆ ಮನೆ ನೆಪ್ಪಾಯ್ತದೆ," ಅಂದಿದ್ದ. ಈಗ ಮಳೆಗಾಲದ ಬೆಳಗಿನಲ್ಲಿ ಅದು ಬಿಡದೆ ಕೂಗಿದರೆ ಗುರುಸಿದ್ದಮ್ಮನಿಗೆ ಹೋದ ಜೀವ ಬಂದಂತಾಗುತ್ತಿತ್ತು. ಇಷ್ಟು ಗದ್ದೆಗಳಿರುವಾಗ ತನ್ನನ್ನೇ ಹುಡುಕಿಕೊಂಡು ಬಂದಿದೆ ಎಂದು ನಂಬಿಬಿಟ್ಟಳು. ನಂಬದೆ ಏನು ಮಾಡಿಯಾಳು? ಆ ಮನೆಯಲ್ಲಿ ಅವಳ ಕಿವಿಗೆ ಬೀಳುವ ದನಿ ಬೇರೆ ಯಾವುದಿತ್ತು?

ಆ ವರ್ಷ ಊರವರು ಕನಿಕರಪಟ್ಟು ಅವಳ ಗದ್ದೆಗೆ ಮುಯ್ಯಾಳಾಗಿ ಬಂದರು. ಇವತ್ತು ನಿನ್ನ ಕೆಲಸಕ್ಕೆ ನಾವು, ನಾಳೆ ನಮ್ಮ ಕೆಲಸಕ್ಕೆ ನೀನು, ಅದು ಮುಯ್ಯಿ. ಮೈದುನನ ವರಸೆಯ ರೇವಣ್ಣ ಎತ್ತು ಹೂಡಿಕೊಂಡು ಮೂಲೆಗೆ ಬಂದಾಗ ಗುರುಸಿದ್ದಮ್ಮ ಅಡ್ಡ ನಿಂತಳು.

"ಅಲ್ಲಿ ಮೊಟ್ಟೆ ಅವೆ ಕಣಪ್ಪ. ಅದೊಂದು ಬಿಟ್ಬುಡು."

"ಊರಿಗೊಂದು ದಾರಿಯಾದ್ರೆ ನಮ್ಮತ್ತಿಗೆಗೊಂದು ದಾರಿ," ಎಂದು ರೇವಣ್ಣ ನಕ್ಕ. "ಗದ್ದೆನ ಹಕ್ಕಿಗೆ ಬಿಟ್ರೆ ನೀವು ಉಣ್ಣೋದೇನು? ಆಗ್ಲಿ, ಗೂಡಿನ ಸುತ್ತ ಒಂದು ಮಾರು ಜೊಂಡು ಬಿಡ್ತೀನಿ."

ಹೇಳಿದಂತೆ ಬಿಟ್ಟ. ಸುತ್ತ ಕೆಸರು, ನಡುವೆ ಒಂದಿಷ್ಟು ಹಸಿರು. ಗುರುಸಿದ್ದಮ್ಮನಿಗೆ ಹಿಗ್ಗೋ ಹಿಗ್ಗು. ಮೊಟ್ಟೆಗೆ ಕಾಗೆ ಬಾಯಿ ಹಾಕದಿರಲಿ ಎಂದು ಬದುವಿನ ಮೇಲೆ ಕಾವಲು ಕೂತಳು. ಹುಂಡುಕೋಳಿ ಹಳ್ಳದಂಚಿನ ಕೇದಗೆ ಪೊದೆಯಿಂದ ಇಣುಕಿತು. ಮರೆಯಿಲ್ಲದ ಕೆಸರನ್ನೂ ಬದುವಿನ ಮೇಲಿದ್ದ ಅವಳನ್ನೂ ನೋಡಿ ಒಳಗೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ಸಂಜೆ ಅವಳು ಕೆಸರಿಗಿಳಿದು ಮೊಟ್ಟೆ ಮುಟ್ಟಿ ನೋಡಿದಳು. ತಣ್ಣಗಿದ್ದವು.

ಅದು ಹುಡುಕಿಕೊಂಡು ಬಂದದ್ದು ತನ್ನನ್ನಲ್ಲ, ಮನುಷ್ಯರು ಕಾಲಿಡದ ಜಾಗವನ್ನು ಎಂದು ಆಗ ತಿಳಿಯಿತು. ಅಂಥ ಜಾಗ ಆ ಬಯಲಿನಲ್ಲಿ ತನ್ನದೊಂದೇ ಇತ್ತು. ಗುರುಸಿದ್ದಮ್ಮ ಬದುವಿನ ಮೇಲೆ ಕೂತು ಬಾಯಿಬಿಟ್ಟು ಅತ್ತಳು.

ಮುಂದಿನ ವರ್ಷ ಮುಯ್ಯಾಳು ಬಂದಾಗ ಆ ಮೂಲೆಗೆ ಯಾರನ್ನೂ ಇಳಿಯಗೊಡಲಿಲ್ಲ. ಅರೆಹುಚ್ಚಿ ಅಂದರು, ಅನ್ನಿಸಿಕೊಂಡಳು. ಅದರ ಮರುವರ್ಷದ ಆರಿದ್ರ ಮಳೆಯ ಹೊತ್ತಿಗೆ ಜೊಂಡು ಮತ್ತೆ ಆಳೆತ್ತರವಾಗಿತ್ತು. ಒಂದು ಬೆಳಗ್ಗೆ ಒಳಗಿಂದ ಕೂಗು ಎದ್ದಿತು.

ಗುರುಸಿದ್ದಮ್ಮ ಅಂಗಳದ ತನಕ ಓಡಿಬಂದು ಅಲ್ಲೇ ನಿಂತಳು. ತಾನು ಹೋದರೆ ಅದು ಇರುವುದಿಲ್ಲ. ಹಿಂದಿರುಗಿ, ಗದ್ದೆಯ ಕಡೆಯ ಬಾಗಿಲು ಮುಂದೆ ಮಾಡಿ, ಒಳಗೆ ಕೂತು ಕೇಳಿಸಿಕೊಂಡಳು.